ಕತ್ತಲೆಕಾನಿನ ಗೇರು ಮತ್ತು ಜಡ್ಡಿಯ ನೀರು

ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯೋ ಹೈವೇ ಇದ್ಯಲ್ಲ, ಮಾವಿನಗುಂಡಿ ದಾಟಿ ಮಲೆಮನೆ ಘಟ್ಟದ ಕಡೆ ಹೋಗೋವಾಗ ಕತ್ತಲೆಕಾನು ಸಿಗತ್ತೆ, ದಿನಾ ಎಷ್ಟೋ ಬಸ್ಸು ಲಾರಿ ಅಲ್ಲಿ ಓಡಾಡ್ತವೆ. ಆ ಕಾನಿನ, ಅಂದ್ರೆ ದಟ್ಟ ಕಾಡಿನ, ಒಳಗಿರೋ ಜಡ್ಡಿ ಅನ್ನೋ ಕೆಸರು ಜಾಗಗಳಲ್ಲಿ ಒಂದು ದೊಡ್ಡೆಲೆ ಮರ ಇದೆ, 2000ನೇ ಇಸವಿವರೆಗೂ ಅದಕ್ಕೆ ವಿಜ್ಞಾನದಲ್ಲಿ ಹೆಸರೇ ಇರಲಿಲ್ಲ. ದಾಸಪ್ಪ ಮತ್ತು ಎಂ.ಎಚ್. ಸ್ವಾಮಿನಾಥ್ ಅವರು ಅದು ಹೊಸ ಜಾತಿ ಅಂತ ಗುರುತಿಸಿ ಊರಿನ ಹೆಸರನ್ನೇ ಇಟ್ರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ. ಮಾವು, ಗೋಡಂಬಿ ಎಲ್ಲ ಇದೇ ಕುಟುಂಬದವು. ಹೊಳೆಗೇರಿನ ಸೊನೆ ತಾಗಿ ಮೈಯೆಲ್ಲ ಬೊಬ್ಬೆ ಎದ್ದಿದ್ದು ನಮ್ಮ ಕಡೆ ಸುಮಾರು ಜನಕ್ಕೆ ಗೊತ್ತು, ಅದೂ ಇದರ ಬಳಗದ್ದೇ.

ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಇಷ್ಟು ಅಪರೂಪದ್ದೊಂದು ಮರ ಇದೆ ಅನ್ನೋದು ನಂಗೆ ತುಂಬಾ ಹೆಮ್ಮೆಯ ವಿಷಯ, ಜೊತೆಗೇ ಭಯದ ವಿಷಯ ಕೂಡ. ಯಾಕಂದ್ರೆ ಇದು ಬೆಳೆಯೋದು ಬೆರಳೆಣಿಕೆಯ ಜಾಗದಲ್ಲಿ ಮಾತ್ರ.

ಮೊದ್ಲು ಜಡ್ಡಿ ಅಂದ್ರೆ ಏನು ಅಂತ ಹೇಳ್ತೀನಿ, ಅದು ತಿಳೀದೆ ಈ ಮರದ ಕಥೆ ಅರ್ಥ ಆಗಲ್ಲ. ಎರಡು ಗುಡ್ಡದ ನಡುವೆ ಸಣ್ಣ ಹಳ್ಳ ಹುಟ್ಟೋ ಕಡೆ ತಗ್ಗು ಜಾಗ ಇರತ್ತೆ, ನೀರು ರಭಸವಾಗಿ ಹರಿದು ಹೋಗದೆ ನಿಧಾನಕ್ಕೆ ಹರಡ್ಕೊಂಡು ಮಣ್ಣನ್ನ ವರ್ಷವಿಡೀ ಒದ್ದೆ ಇಡತ್ತೆ, ಬೇಸಿಗೇಲೂ ಕಾಲಿಟ್ರೆ ಹೂತು ಹೋಗತ್ತೆ. ಅಂಥ ಕೆಸರಲ್ಲಿ ಬೇರಿಗೆ ಗಾಳಿ ಸಿಗಲ್ಲ. ಅದಕ್ಕೇ ಅಲ್ಲಿರೋ ರಾಮಪತ್ರೆ ಜಾತಿಯ ಮರಗಳು, ಮಿರಿಸ್ಟಿಕಾ ಮ್ಯಾಗ್ನಿಫಿಕಾ, ಜಿಮ್ನಾಕ್ರಾಂಥೆರಾ ಕೆನರಿಕಾ ಇಂಥವು, ಕಾಂಡದಿಂದ ಊರುಗೋಲಿನಂಥ ಬೇರು ಇಳಿಸ್ತವೆ ಇಲ್ಲಾ ಕೆಸರಿಂದ ಮೇಲಕ್ಕೆ ಮೊಣಕಾಲು ಮಡಚಿದ ಹಾಗೆ ಬೇರು ಎಬ್ಬಿಸಿ ಉಸಿರಾಡ್ತವೆ. ಇದು ಬಹಳ ಹಳೇ ಕಾಲದ ಹೂಬಿಡೋ ಗಿಡಗಳ ಕುಟುಂಬ. ಇವುಗಳ ನಡುವೆ ನಮ್ಮ ಈ ಕತ್ತಲೆಕಾನಿನ ಗೇರು ಮರ ಇರತ್ತೆ, ಉಂಬಳಗಳ (ಜಿಗಣೆಗಳ) ಸಮೇತ. ಇಂಥ ಜಡ್ಡಿ ಹಿಂದೆ ಎಷ್ಟೋ ಕಣಿವೆಗಳಲ್ಲಿ ಇದ್ದಿರಬೇಕು, ಆದ್ರೆ ವರ್ಷವಿಡೀ ನೀರಿರೋ ತಗ್ಗು ಅಂದ್ಮೇಲೆ ಗದ್ದೆಗೂ ಅಡಿಕೆ ತೋಟಕ್ಕೂ ಅದೇ ಬೇಕಲ್ಲ, ತಲೆಮಾರುಗಳಿಂದ ಅವು ಹಾಗೇ ತೋಟಗಳಾಗಿ ಹೋದವು. ದೇವರ ಕಾಡು ಅಂತ ಬಿಟ್ಟಿದ್ದ ಕಡೆ, ಕಾನಿನ ಒಳಗೆ, ಅಲ್ಲೊಂದು ಇಲ್ಲೊಂದು ಉಳಿದಿವೆ ಅಷ್ಟೇ.

ಈ ಮರದ ಬಗ್ಗೆ ಹೆಚ್ಚು ಕೆಲಸ ಮಾಡಿದೋರು ಶಿರಸಿ ಅರಣ್ಯ ಕಾಲೇಜಿನ ಡಾ. ಆರ್. ವಾಸುದೇವ ಮತ್ತು ಅವರ ತಂಡ. ಆ ಅಧ್ಯಯನಗಳಿಂದ ತಿಳಿದಿದ್ದು ಓದಿದ್ರೆ ಈ ಮರ ಉಳಿಸೋದು ಯಾಕೆ ಇಷ್ಟು ಕಷ್ಟ ಅಂತ ಗೊತ್ತಾಗತ್ತೆ. ಇದರಲ್ಲಿ ಗಂಡು ಮರ ಬೇರೆ ಹೆಣ್ಣು ಮರ ಬೇರೆ. ಅಂದ್ರೆ ಒಂದು ಜಡ್ಡಿಲಿ ಹತ್ತು ಮರ ಇದೆ ಅಂತ ಖುಷಿ ಪಡೋ ಹಾಗಿಲ್ಲ, ಅದ್ರಲ್ಲಿ ಹೆಣ್ಣೆಷ್ಟು, ಹತ್ತಿರದಲ್ಲಿ ಗಂಡು ಇದ್ಯಾ, ಎರಡೂ ಒಂದೇ ಹೊತ್ತಿಗೆ ಹೂ ಬಿಡ್ತಾವಾ, ಇಷ್ಟೂ ಕೇಳ್ಬೇಕು, ಮತ್ತೆ ಅದನ್ನ ಕಂಡುಹಿಡಿಯೋಕೆ ಹೂವಿನ ಕಾಲದಲ್ಲೇ ಹೋಗಿ ಅಷ್ಟೆತ್ತರದ ಮರದ ಹೂ ನೋಡ್ಬೇಕು. ಕತ್ತು ನೋಯತ್ತೆ, ಆದ್ರೆ ಬೇರೆ ದಾರಿ ಇಲ್ಲ.

ಇನ್ನು ಬೀಜ. ಭತ್ತದ ಬೀಜದ ಹಾಗೆ ಒಣಗಿಸಿ ಕಣಜಕ್ಕೆ ತುಂಬಿ ಇಡೋಕಾಗಲ್ಲ ಇದನ್ನ, ತೇವ ಹೋದ್ರೆ ಬೀಜ ಸತ್ತೇ ಹೋಗತ್ತೆ. ಹಾಗಾಗಿ ಬೀಜ ಬ್ಯಾಂಕಲ್ಲಿ ಇಟ್ಟು ಮುಂದೆ ನೋಡೋಣ ಅನ್ನೋ ಪ್ರಶ್ನೆನೇ ಇಲ್ಲ, ಬಿದ್ದಾಗ ಆರಿಸಿ ಆಗಲೇ ನರ್ಸರಿಗೆ ಹಾಕ್ಬೇಕು. ಹಾಕಿದ್ರೆ ಮೊಳಕೆ ಬರತ್ತೆ, ಆ ಥರ ಬೆಳೆಸಿದ ಸಸಿಗಳನ್ನ ಜಡ್ಡಿಗಳಲ್ಲಿ ನೆಟ್ಟಿದ್ದೂ ಇದೆ. ಬೀಜ ಆರಿಸೋವಾಗ್ಲೂ ಜಾಸ್ತಿ ಕಾಯಿ ಬಿಟ್ಟ ಒಂದೇ ಮರದ ಬುಡದಲ್ಲಿ ಬುಟ್ಟಿ ತುಂಬಿಸ್ಕೊಂಡು ಬಂದ್ರೆ ಮುಂದಿನ ತಲೆಮಾರೆಲ್ಲ ಅಕ್ಕತಂಗೀರೇ ಆಗ್ತಾರೆ, ಎಷ್ಟು ತಾಯಿಮರ ಸಿಗತ್ತೋ ಅಷ್ಟೂ ಮರದಿಂದ ಸ್ವಲ್ಪ ಸ್ವಲ್ಪ ತರಬೇಕು, ಅಲ್ಲೇ ಹುಟ್ಟೋಕೂ ಬಿಡಬೇಕು.

ಆದ್ರೆ ನನ್ನ ನಿಜವಾದ ಚಿಂತೆ ಸಸಿದಲ್ಲ, ನೀರಿಂದು. ಸಸಿ ಎಷ್ಟು ಬೇಕಾದ್ರೂ ಬೆಳೆಸಬಹುದು, ನೆಡೋಕೆ ಜಡ್ಡಿ ಬೇಕಲ್ಲ? ಜಡ್ಡಿ ಹಾಳಾಗೋಕೆ ಮರ ಕಡೀಲೇ ಬೇಕು ಅಂತಿಲ್ಲ. ಮೇಲ್ಗಡೆ ಒಂದು ಕಾಲುವೆ ತೋಡಿ ನೀರು ತಿರುಗಿಸಿದ್ರೆ, ಜೆಸಿಬಿ ತಂದು ಹಳ್ಳದ ಬಾಯಿ ಆಳ ಮಾಡಿದ್ರೆ, ಸುತ್ತಲಿನ ಗುಡ್ಡ ಬೋಳಾಗಿ ಮಣ್ಣು ಬಂದು ತುಂಬಿದ್ರೆ ಸಾಕು. ದೊಡ್ಡ ಮರಗಳು ಇನ್ನೂ ಸುಮಾರು ವರ್ಷ ನಿಂತೇ ಇರ್ತವೆ, ನೋಡೋರಿಗೆ ಕಾಡು ಚೆನ್ನಾಗೇ ಇದೆ ಅನ್ಸತ್ತೆ, ಕೆಳಗೆ ಹೊಸ ಸಸಿ ಮಾತ್ರ ಏಳಲ್ಲ. ನಂಗೆ ಎಲ್ಲಕ್ಕಿಂತ ಹೆದರಿಕೆ ಆಗೋದು ಇದಕ್ಕೇ.

2011ರಲ್ಲಿ ಸರ್ಕಾರ ಸುಮಾರು 300 ಚದರ ಕಿಲೋಮೀಟರ್ ಜಾಗನ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಅಂತ ಘೋಷಿಸ್ತು, ಕತ್ತಲೆಕಾನೂ ಅದರಲ್ಲಿ ಬಂತು, 2019ರಲ್ಲಿ ಅದೆಲ್ಲ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರ್ತು. ಸಿಂಗಳೀಕದ ಹೆಸರಲ್ಲಿ ಜಡ್ಡಿಗೂ ರಕ್ಷಣೆ ಸಿಕ್ಕಿದ್ದು ಒಳ್ಳೇದೇ ಆಯ್ತು. ಆದ್ರೆ ಎಲ್ಲಾ ಜಡ್ಡಿನೂ ಅಭಯಾರಣ್ಯದ ಒಳಗಿಲ್ಲ. ಪರಿಸರ ವಿಜ್ಞಾನಿ ಡಾ. ಸುಭಾಷ್ ಚಂದ್ರನ್ ಮತ್ತು ಅವರ ಜೊತೆಯೋರು ಉತ್ತರ ಕನ್ನಡದ ಜಡ್ಡಿಗಳನ್ನ ಒಂದೊಂದಾಗಿ ಹುಡುಕಿ ದಾಖಲು ಮಾಡಿದ್ರಲ್ಲ, ಆಗ ಕೇರಳದ್ದು ಅಂತ ತಿಳಿದಿದ್ದ ಸಿಜಿಜಿಯಂ ಟ್ರಾವಂಕೋರಿಕಂ ಅನ್ನೋ ಅಪರೂಪದ ನೇರಳೆ ಜಾತಿ ಕೂಡ ಇಲ್ಲಿ ಸಿಕ್ಕಿತ್ತು. ಅಂದ್ರೆ ಇನ್ನೂ ಯಾರೂ ಸರಿಯಾಗಿ ನೋಡದೇ ಇರೋ ಹಳ್ಳಗಳು ಇರಬಹುದು, ತೋಟಕ್ಕೆ ಸೊಪ್ಪು ತರೋ ನಿಮ್ಮ ಸೊಪ್ಪಿನಬೆಟ್ಟದ ಮೂಲೇಲೇ ಇರಬಹುದು.

ತೋಟದೋರ ಮೇಲೆ ನಂಗೇನೂ ಸಿಟ್ಟಿಲ್ಲ. ಏಪ್ರಿಲಲ್ಲಿ ತೋಟಕ್ಕೆ ನೀರಿಲ್ಲ ಅಂದ್ರೆ ಏನಾಗತ್ತೆ ಅಂತ ಆ ಮನೆಯೋರಿಗೇ ಗೊತ್ತು. ನಾನು ಹೇಳೋದಿಷ್ಟೇ, ಆ ನೀರನ್ನ ಏಪ್ರಿಲ್ ತನಕ ಹಿಡಿದಿಟ್ಟು ಬಿಡ್ತಿರೋದೇ ಮೇಲಿನ ಜಡ್ಡಿ. ಪೈಪ್ ಹಾಕೋದಾದ್ರೆ ಜಡ್ಡಿ ದಾಟಿ ಕೆಳಗೆ ಹಳ್ಳ ಆಗಿ ಹರಿಯೋ ಕಡೆ ಹಾಕಿ, ಮೇಲೆ ಒರತೆಗೇ ಹಾಕ್ಬೇಡಿ.

ಮತ್ತೆ ಮೊಣಕಾಲು ಬೇರಿರೋ ಕೆಸರು ಜಾಗ, ಅಲ್ಲಿ ದೊಡ್ಡೆಲೆಯ ಗೇರು ಥರದ ಮರ ಎಲ್ಲಾದ್ರೂ ಕಂಡ್ರೆ, ಎಲೆದು, ತೊಗಟೆದು, ಕೆಳಗೆ ಬಿದ್ದ ಕಾಯಿದು ಫೋಟೋ ತಗೊಳ್ಳಿ, ಸೊನೆ ಮುಟ್ಟಬೇಡಿ, ಬೀಜ ಮನೆಗೆ ತರಬೇಡಿ. ಫೇಸ್‌ಬುಕ್ಕಿಗೆ ಲೊಕೇಶನ್ ಸಮೇತ ಹಾಕೋ ಬದಲು ಆ ಫೋಟೋನ ಶಿರಸಿ ಅರಣ್ಯ ಕಾಲೇಜಿಗೋ ಹತ್ತಿರದ ಅರಣ್ಯ ಇಲಾಖೆ ಆಫೀಸಿಗೋ ಮುಟ್ಟಿಸಿ, ಮರದ ಕೆಳಗೆ ಸಣ್ಣ ಸಸಿ ಇದ್ವಾ ಇಲ್ವಾ ಅನ್ನೋದನ್ನೂ ತಪ್ಪದೇ ಬರೆದು ಕೊಡಿ.