ಒಂದು ಕೊಡ ನೀರಿಗೆ ಮೂರು ಕೆಲಸ

ಮಾರ್ಚ್ ಇನ್ನೂ ಶುರುವಾಗಿದೆ ಅಷ್ಟೇ, ಬೆಳಿಗ್ಗೆ ಹತ್ತಕ್ಕೇ ತಾರಸಿ ಮೇಲೆ ಬರಿಗಾಲಲ್ಲಿ ನಿಲ್ಲೋಕೆ ಆಗುತ್ತಿಲ್ಲ. ನಿನ್ನೆ ನಮ್ಮ ರಸ್ತೆಯಲ್ಲಿ ಈ ಬೇಸಿಗೆಯ ಮೊದಲ ಟ್ಯಾಂಕರ್ ಕಂಡೆ. ಹಿಂದಿನಿಂದ ನೀರು ಸೋರಿಸಿಕೊಂಡು ಹೋಗುತ್ತಿತ್ತು. ಅದನ್ನು ನೋಡಿದ ಮೇಲೆ 2024ರ ಬೇಸಿಗೆ ಬಗ್ಗೆ ಬರೆಯಬೇಕು ಅನ್ನಿಸಿತು. ಆಗ ಕಲಿತದ್ದನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಬಿಟ್ಟಿಲ್ಲ.

ನಮ್ಮದು ಬೆಂಗಳೂರಿನ ಮಹದೇವಪುರದ ಕಡೆ, ಮೊದಲನೇ ಮಹಡಿಯ ಬಾಡಿಗೆ ಮನೆ. ಆಗಿನ್ನೂ ಇಲ್ಲಿಗೆ ಕಾವೇರಿ ಬಂದಿರಲಿಲ್ಲ, ಓನರ್ ಕೊರೆಸಿದ್ದ ಬೋರ್‌ವೆಲ್ಲೇ ಗತಿ. ಫೆಬ್ರವರಿ ಕೊನೆಗೆ ನಲ್ಲಿಯಲ್ಲಿ ನೀರಿನ ಜೊತೆ ಬುಸ್ ಬುಸ್ ಅಂತ ಗಾಳಿ ಬರೋಕೆ ಶುರುವಾಯಿತು, ಮಾರ್ಚ್ ಎರಡನೇ ವಾರಕ್ಕೆ ಅದೂ ನಿಂತಿತು. ಟ್ಯಾಂಕರ್‌ನವರು ಕೇಳಿದ್ದೇ ರೇಟು ಅನ್ನುವ ಹಾಗೆ ಆದಾಗ ಜಿಲ್ಲಾಡಳಿತ ದರ ನಿಗದಿ ಮಾಡಿತು, ಐದು ಕಿಲೋಮೀಟರ್ ಒಳಗಾದರೆ 6000 ಲೀಟರಿಗೆ 600 ರೂಪಾಯಿ. ಆ ದರಕ್ಕೆ ನಮ್ಮ ಮನೆಗೆ ಟ್ಯಾಂಕರ್ ಬಂದದ್ದು ಎರಡೇ ಸಲ. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದೂ ಅದೇ ಮಾರ್ಚ್‌ನಲ್ಲಿ. ಆ ಏಪ್ರಿಲ್‌ನಲ್ಲಿ ನಗರದ ಮಾಪನ ಕೇಂದ್ರದಲ್ಲಿ ಮಳೆ ಸೊನ್ನೆ, 41 ವರ್ಷದಲ್ಲಿ ಹಾಗೆ ಆದದ್ದು ಅದೇ ಮೊದಲು. 28ನೇ ತಾರೀಕು ಬಿಸಿಲು 38.5 ಡಿಗ್ರಿ. ಬೆಂಗಳೂರಲ್ಲಿ!

ಆ ಹೊತ್ತಿಗೆ ಚಳ್ಳಕೆರೆಯಿಂದ ನಮ್ಮ ಅತ್ತೆ ಬಂದರು. ಬರಗಾಲ ಅನ್ನೋದು ಅವರಿಗೆ ಹೊಸದಲ್ಲ. ಬಂದ ಮಾರನೇ ದಿನ ಅಡುಗೆಮನೆ ಸಿಂಕಿನ ಮುಂದೆ ಸುಮ್ಮನೆ ನಿಂತುಕೊಂಡಿದ್ದರು. ಕುಡಿಯುವ ನೀರಿನ ಉಪ್ಪಿನಂಶ ತೆಗೆಯುವ ಆರ್‌ಒ ಫಿಲ್ಟರ್‌ನಿಂದ ಸಣ್ಣ ಬಿಳಿ ಪೈಪು ಸಿಂಕಿಗೆ ಇಳಿದಿರುತ್ತಲ್ಲ, ಅದರಿಂದ ಬೀಳುತ್ತಿದ್ದ ನೀರನ್ನೇ ನೋಡುತ್ತಿದ್ದರು.

"ಇದ್ಯಾಕವ್ವ, ನೀರು ಸುಮ್ನೆ ಹೋಗ್ತಾ ಐತೆ?"

"ಅದು ವೇಸ್ಟ್ ನೀರು ಅತ್ತೆ, ಫಿಲ್ಟರ್‌ದು."

"ನೀರ್ನಾಗೂ ವೇಸ್ಟ್ ಅಂತ ಇರ್ತೈತಾ?"

ಅಷ್ಟೇ ಹೇಳಿ, ಮೂಲೆಯಲ್ಲಿದ್ದ ಸ್ಟೀಲ್ ಬಿಂದಿಗೆ ತಂದು ಪೈಪಿನ ಕೆಳಗೆ ಇಟ್ಟರು. ನಾನು ಫಿಲ್ಟರ್‌ನಿಂದ ಐದು ಲೀಟರ್ ಕ್ಯಾನ್ ತುಂಬಿಸೋದರೊಳಗೆ ಹತ್ತು ಲೀಟರಿನ ಆ ಬಿಂದಿಗೆ ತುಂಬಿ, ಕೆಳಗೆ ಇನ್ನೊಂದು ಬಕೆಟ್ ಇಡಬೇಕಾಯಿತು. ಒಂದು ಲೀಟರ್ ಕುಡಿಯೋಕೆ ಮೂರು ಲೀಟರ್ ಹತ್ತಿರ ಚರಂಡಿಗೆ! ನಾಲ್ಕು ವರ್ಷದಿಂದ ದಿನಾ ನನ್ನ ಕಣ್ಣೆದುರೇ ಹೋಗುತ್ತಿತ್ತು. ಹೊರಗೆ ನೀರಿಗೆ ದುಡ್ಡು ಕೊಟ್ಟು ಕಾಯುತ್ತಾ ಕೂತಿದ್ದೆ, ಒಳಗೆ ಇದು. ಅವತ್ತು ಹೊಟ್ಟೆಯೊಳಗೆ ಸಂಕಟ ಆದದ್ದು ನಿಜ.

ಆರ್‌ಒ ಫಿಲ್ಟರ್ ಇರುವವರು ದಯವಿಟ್ಟು ಇದೊಂದನ್ನು ಇವತ್ತೇ ಮಾಡಿ. ಪೈಪು ಸಿಂಕಿನಿಂದ ತೆಗೆದು ಕ್ಯಾನಿಗೋ ಬಕೆಟ್ಟಿಗೋ ಬಿಡಿ. ಆ ನೀರಲ್ಲಿ ನೆಲ ಒರೆಸಬಹುದು, ಪಾತ್ರೆಯ ಜಿಡ್ಡು ಮೊದಲ ಸುತ್ತಿಗೆ ತೆಗೆಯಬಹುದು, ಟಾಯ್ಲೆಟ್‌ಗೆ ಹಾಕಬಹುದು. ಆದರೆ ಕುಂಡದ ಗಿಡಗಳಿಗೆ ದಿನಾ ಅದನ್ನೇ ಹಾಕಬೇಡಿ. ಕುಡಿಯುವ ನೀರಿನಿಂದ ತೆಗೆದ ಉಪ್ಪಿನಂಶ ಎಲ್ಲಾ ಅದರಲ್ಲೇ ಸೇರಿರುತ್ತದೆ. ನಮ್ಮ ದಾಸವಾಳದ ಕುಂಡದ ಮಣ್ಣಿನ ಮೇಲೆ ಒಂದೇ ತಿಂಗಳಲ್ಲಿ ಬೆಳ್ಳಗೆ ಪದರ ಕಟ್ಟಿ, ಎಲೆ ಅಂಚು ಸುಟ್ಟ ಹಾಗೆ ಆಯಿತು. ಕಾರ್ಪೊರೇಷನ್ ನೀರು ಬರುವ ಕಡೆ, ಅದರಲ್ಲೂ ಕಾವೇರಿ ಬರುವ ಕಡೆ, ಉಪ್ಪಿನಂಶ ಕಡಿಮೆ ಇದ್ದರೆ ಆರ್‌ಒ ಬೇಕೇ ಅಂತ ಒಮ್ಮೆ ನೀರು ಟೆಸ್ಟ್ ಮಾಡಿಸಿ ನೋಡೋದು ಒಳ್ಳೆಯದು.

ಅತ್ತೆ ಇದ್ದ ಎರಡು ತಿಂಗಳಲ್ಲಿ ನಾನು ಕಲಿತದ್ದು ಇದು. ನಾವು ನೀರಿಗೆ ಒಂದೇ ಕೆಲಸ ಕೊಟ್ಟು ಕಳಿಸಿಬಿಡುತ್ತೇವೆ. ಅವರ ಊರಲ್ಲಿ ಒಂದು ಕೊಡ ನೀರಿಗೆ ಎರಡು ಮೂರು ಕೆಲಸ ಆಗದೆ ಅದು ಮನೆ ಬಿಡೋದಿಲ್ಲ. ತರಕಾರಿ ತೊಳೆದ ನೀರು ಗಿಡಕ್ಕೆ. ಅಕ್ಕಿ ತೊಳೆದ ಕಲಗಚ್ಚು ಎಮ್ಮೆಗೆ. ಪಾತ್ರೆಯನ್ನು ಹರಿಯುವ ನೀರಿನ ಕೆಳಗೆ ಹಿಡಿಯೋದೇ ಇಲ್ಲ, ಎರಡು ಬೋಗುಣಿ ಇಟ್ಟುಕೊಂಡು ಒಂದರಲ್ಲಿ ಸೋಪು ಬಿಡಿಸಿ ಇನ್ನೊಂದರಲ್ಲಿ ಅದ್ದಿ ತೆಗೆಯೋದು. ನಾನೂ ಹಾಗೇ ಶುರು ಮಾಡಿದೆ. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ, ಕಲಗಚ್ಚು ಕರಿಬೇವಿನ ಗಿಡಕ್ಕೆ ಹೋಗುತ್ತದೆ, ಗಿಡ ಈಗ ನನ್ನ ಭುಜದವರೆಗೆ ಬಂದಿದೆ.

ವಾಷಿಂಗ್ ಮೆಷಿನ್ ನೀರಿನ ಕಥೆ ಇನ್ನೂ ದೊಡ್ಡದು. ನಮ್ಮದು ಟಾಪ್ ಲೋಡ್. ಅದರ ಪೈಪನ್ನು ನೂರು ಲೀಟರಿನ ನೀಲಿ ಡ್ರಮ್ಮಿಗೆ ಬಿಟ್ಟು ನೋಡಿದರೆ ಒಂದು ಸಲದ ಬಟ್ಟೆಗೇ ಡ್ರಮ್ಮು ತುಂಬಿತು. ಮೊದಲು ಬರೋದು ಸೋಪಿನ ನೀರು, ಅದು ಬಾತ್‌ರೂಮು ಮತ್ತು ಮೆಟ್ಟಿಲು ತೊಳೆಯೋಕೆ. ಕೊನೆಗೆ ಬರೋದು ಹೆಚ್ಚುಕಮ್ಮಿ ತಿಳಿಯಾಗೇ ಇರುತ್ತದೆ, ಅದರಲ್ಲಿ ಒರೆಸುವ ಬಟ್ಟೆ, ಕಾಲೊರೆಸು ಎಲ್ಲಾ ಒಗೆಯುತ್ತೇನೆ, ಉಳಿದದ್ದು ಟಾಯ್ಲೆಟ್‌ಗೆ. ಸೋಪಿನ ನೀರನ್ನು ಎರಡು ದಿನ ಇಟ್ಟರೆ ವಾಸನೆ ಬರುತ್ತದೆ, ಅವತ್ತಿನದು ಅವತ್ತೇ ಖಾಲಿ ಮಾಡಿ.

ಇನ್ನು ನಲ್ಲಿ. ಅಡುಗೆಮನೆ ನಲ್ಲಿಯ ಕೆಳಗೆ ಒಂದು ಲೀಟರಿನ ಜಗ್ ಇಟ್ಟು ಫೋನಿನಲ್ಲಿ ಸಮಯ ನೋಡಿದೆ. ಐದು ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ ಹನ್ನೆರಡು ಲೀಟರ್. ಹಾರ್ಡ್‌ವೇರ್ ಅಂಗಡಿಯಿಂದ ಏರೇಟರ್ ತಂದು ಬಾಯಿಗೆ ತಿರುಗಿಸಿದ ಮೇಲೆ ಅದೇ ಜಗ್ ತುಂಬೋಕೆ ಹದಿನೈದು ಸೆಕೆಂಡು ಬೇಕಾಯಿತು. ನೀರಿನ ಜೊತೆ ಗಾಳಿ ಸೇರಿಸಿ ಬಿಡುತ್ತದೆ ಅದು, ಕೈಗೆ ನೀರು ಕಡಿಮೆ ಅನ್ನಿಸೋದೇ ಇಲ್ಲ. ಬೋರ್ ನೀರಾದರೆ ಜಾಲರಿಯಲ್ಲಿ ಬಿಳಿ ಪುಡಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ನಿಂಬೆಹಣ್ಣಿನ ಸಿಪ್ಪೆಯಲ್ಲಿ ಉಜ್ಜಿದರೆ ಸಾಕು. ಫ್ಲಶ್ ಟ್ಯಾಂಕ್ ಹಳೆಯದಾದರೆ ಒಂದು ಲೀಟರಿನ ಬಾಟಲಿಗೆ ನೀರು ತುಂಬಿಸಿ, ಮುಚ್ಚಳ ಗಟ್ಟಿಯಾಗಿ ಹಾಕಿ ಟ್ಯಾಂಕಿನ ಒಳಗೆ ನಿಲ್ಲಿಸಿ. ಪ್ರತಿ ಸಲ ಒಂದು ಲೀಟರ್ ಉಳಿಯಿತು. ಕೆಲವರು ಇಟ್ಟಿಗೆ ಇಡುತ್ತಾರೆ, ಬೇಡ, ಅದು ಕರಗಿ ಒಳಗಿನ ವಾಲ್ವ್ ಹಾಳಾಗುತ್ತದೆ.

ಗಿಡಗಳಿಗೆ ಮಧ್ಯಾಹ್ನ ನೀರು ಹಾಕಿದರೆ ಹೆಚ್ಚು ಆವಿಗೇ ಹೋಗುತ್ತದೆ, ಬೆಳಿಗ್ಗೆ ಬೇಗ ಅಥವಾ ಸಂಜೆ ಹಾಕಿ. ಅದಕ್ಕಿಂತ ಮುಖ್ಯ ಮಣ್ಣಿಗೆ ಮುಚ್ಚಿಗೆ. ಬೇಸಿಗೆಗೆ ಮುಂಚೆ ನಮ್ಮ ರಸ್ತೆಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ, ಗುಡಿಸಿ ಗುಡ್ಡೆ ಮಾಡಿ ಬೆಂಕಿ ಹಚ್ಚುತ್ತಾರೆ, ಆ ಹೊಗೆ ಇಡೀ ಬೀದಿಗೆ. ನಾನು ಎರಡು ಗೋಣಿಚೀಲ ತುಂಬ ಆ ತರಗೆಲೆ ತಂದು ಕುಂಡಗಳಿಗೆ ದಪ್ಪಗೆ ಹಾಸುತ್ತೇನೆ, ತೆಂಗಿನ ನಾರು ಇದ್ದರೆ ಅದನ್ನೂ. ದಿನಾ ನೀರು ಕೇಳುತ್ತಿದ್ದ ಗಿಡ ಈಗ ಮೂರು ದಿನಕ್ಕೊಮ್ಮೆ ಕೇಳುತ್ತದೆ. ಎಲೆ ಎತ್ತಿ ಮಣ್ಣು ಮುಟ್ಟಿ ನೋಡಿ, ತಣ್ಣಗಿರುತ್ತದೆ.

ಹಕ್ಕಿಗಳಿಗೆ ಮಣ್ಣಿನ ತಟ್ಟೆಯಲ್ಲಿ ನೀರು ಇಡುವವರು ತುಂಬಾ ಜನ ಇದ್ದೀರಿ, ಖುಷಿಯಾಗುತ್ತದೆ. ನೆರಳಲ್ಲಿಡಿ, ದಿನ ಬಿಟ್ಟು ದಿನ ಚೆನ್ನಾಗಿ ಉಜ್ಜಿ ತೊಳೆದು ಹೊಸ ನೀರು ಹಾಕಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ತಿಳಿ ನೀರಲ್ಲೇ. ಮನೆಯಲ್ಲಿ ಹಿಡಿದಿಟ್ಟ ಡ್ರಮ್ಮು, ಬಕೆಟ್ಟುಗಳಿಗೂ ಮುಚ್ಚಳ ಇರಲೇಬೇಕು.

ಇಷ್ಟೆಲ್ಲಾ ಮಾಡಿ ಆ ಬೇಸಿಗೆ ದಾಟಿದೆವು ಅಂತ ಉಸಿರು ಬಿಡುವಾಗ ಜೂನ್ 2 ಬಂತು. ಭಾನುವಾರ. ಸಂಜೆ ಮಳೆ ಸುರಿದದ್ದು ನಿಮಗೂ ನೆನಪಿರಬಹುದು, ನಗರದಲ್ಲಿ ಒಂದೇ ದಿನ 111 ಮಿಲಿಮೀಟರ್, ಜೂನ್ ತಿಂಗಳಲ್ಲಿ 133 ವರ್ಷದ ದಾಖಲೆ. ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ. ತಾರಸಿಯ ಪೈಪಿನಿಂದ ನೀರು ಭೋರ್ ಅಂತ ಬಂದು ನೇರ ಮೋರಿಗೆ ಬೀಳುತ್ತಿತ್ತು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ತಾರಸಿ ಸುಮಾರು 90 ಚದರ ಮೀಟರ್. ಲೆಕ್ಕಕ್ಕೆ ನೂರು ಮಿಲಿಮೀಟರ್ ಅಂತ ಇಟ್ಟುಕೊಂಡರೂ 9000 ಲೀಟರ್. ಒಂದೂವರೆ ಟ್ಯಾಂಕರ್! ತಿಂಗಳ ಹಿಂದೆ ಅಷ್ಟು ನೀರಿಗಾಗಿ ಇದೇ ಗೇಟಿನ ಮುಂದೆ ರಾತ್ರಿ ಹನ್ನೊಂದರ ತನಕ ಕಾದಿದ್ದೆವು.

ಮಾರನೇ ದಿನವೇ ಓನರ್ ಆಂಟಿ, ಅಂಕಲ್ ಜೊತೆ ಕೂತು ಮಾತಾಡಿದೆ. ಬಾಡಿಗೆಯವರು ಹೇಳಿದರೆ ಕೇಳುತ್ತಾರಾ ಅಂತ ಅಳುಕಿತ್ತು, ಆದರೆ ಟ್ಯಾಂಕರ್ ಲೆಕ್ಕದ ಚೀಟಿ ಅವರ ಹತ್ತಿರವೇ ಇತ್ತು. ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲಿನ ಥೀಮ್ ಪಾರ್ಕ್ ಇದೆ, ಯಾವ ಮನೆಗೆ ಯಾವ ಥರದ ವ್ಯವಸ್ಥೆ ಅಂತ ಕಣ್ಣಾರೆ ನೋಡಬಹುದು, ಅಲ್ಲಿಗೆ ಮೂವರೂ ಹೋಗಿ ಬಂದೆವು. ಈಗ ತಾರಸಿ ಪೈಪಿಗೆ ಫಿಲ್ಟರ್ ಕೂರಿಸಿದೆ. ಮೊದಲ ಮಳೆಯ ಕೊಳೆ ನೀರು ಬೇರೆ ಕಡೆ ಹೋಗೋಕೆ ಒಂದು ವಾಲ್ವ್, ಆಮೇಲಿನದು ನೆಲದಡಿಯ ಸಂಪಿನೊಳಗೆ, ಸಂಪು ತುಂಬಿದ ಮೇಲೆ ಬೋರ್ ಪಕ್ಕ ತೋಡಿಸಿದ ಇಂಗುಗುಂಡಿಗೆ. ಪೈಪು, ಫಿಲ್ಟರ್, ಕೂಲಿ ಎಲ್ಲಾ ಸೇರಿಸಿದರೂ ಆ ಬೇಸಿಗೆ ಟ್ಯಾಂಕರ್‌ಗೆ ಸುರಿದ ದುಡ್ಡಿಗಿಂತ ಕಡಿಮೆಯೇ ಆಯಿತು.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿ, ನಗರದ ಅಂಚಿನ 110 ಹಳ್ಳಿಗಳಿಗೆ ಅಂತ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ ಬಂತು. ನಮಗೂ ಕನೆಕ್ಷನ್ ಸಿಕ್ಕಿದೆ. "ಇನ್ನೇನು, ಕಾವೇರಿ ಬಂತಲ್ಲ, ಡ್ರಮ್ಮು ಯಾಕೆ ಇನ್ನೂ" ಅಂತ ಪಕ್ಕದ ಮನೆಯವರು ಕೇಳುತ್ತಾರೆ. ಆ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಹಗಲು ರಾತ್ರಿ ಪಂಪ್ ಮಾಡಿಸಿಕೊಂಡು ಬರುತ್ತದೆ. ಒಂದೊಂದು ಬಕೆಟ್ಟಿನ ಹಿಂದೆ ಅಷ್ಟು ಕರೆಂಟು ಇದೆ. ಅದೇ ಹೊಳೆಯ ನೀರಿಗೆ ಮಂಡ್ಯದ ಕಬ್ಬು, ಭತ್ತದವರೂ ಕಾಯುತ್ತಿರುತ್ತಾರೆ. ಅದನ್ನು ನೆನೆದರೆ ನನಗೆ ಡ್ರಮ್ಮು ಎತ್ತಿಡೋಕೆ ಮನಸ್ಸೇ ಬರೋದಿಲ್ಲ.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಮೊಮ್ಮಗನ ಪರೀಕ್ಷೆ ಕೇಳಿ, ಆರೋಗ್ಯ ಕೇಳಿ, ಕೊನೆಗೆ "ಬಿಂದಿಗೆ ಇಡ್ತೀಯೇನವ್ವ ಇನ್ನೂ?" ಅಂದರು. ಇಡ್ತೀನಿ ಅತ್ತೆ ಅಂದೆ. ಈ ಭಾನುವಾರ ತಾರಸಿ ಗುಡಿಸಿ, ಫಿಲ್ಟರ್ ಬಿಚ್ಚಿ ತೊಳೆಯೋದಿದೆ. ಮಾವಿನ ಮಳೆ ಯಾವತ್ತು ಬೇಕಾದರೂ ಬರಬಹುದು.