ಕೊಜುಮೆಲ್‌ನಲ್ಲಿ ಎರಡು ಟ್ಯಾಂಕಿನ ಬೆಳಗು

ಬೆಳಿಗ್ಗೆ ಏಳೂವರೆ. ಜೆಟ್ಟಿಯ ಮೇಲೆ, ಕಡಲಡಿ ಡೈವ್ ಮಾಡುವವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಟ್ಯಾಂಕುಗಳು ಒಂದಕ್ಕೊಂದು ತಾಗಿ ಟಣ್ ಟಣ್ ಎನ್ನುತ್ತಿರುತ್ತದೆ. ತಲೆಗೆ ಎರಡರಂತೆ ಎಣಿಸಿ ದೋಣಿಗೆ ಇಳಿಸುತ್ತಾರೆ. ಇಲ್ಲಿ ಡೈವ್ ಕೊಳ್ಳುವುದು ಒಂದೊಂದಾಗಿ ಅಲ್ಲ, ‘ಎರಡು ಟ್ಯಾಂಕು’ ಲೆಕ್ಕದಲ್ಲಿ. ಮೊದಲನೆಯದು ಆಳಕ್ಕೆ, ನಡುವೆ ಗಂಟೆ ಹೊತ್ತು ಬಿಡುವು, ಎರಡನೆಯದು ಆಳ ಕಡಿಮೆ ಇರುವ ಹವಳದ ದಿಬ್ಬಕ್ಕೆ.

ಮೆಕ್ಸಿಕೊದ ಯುಕಟಾನ್ ಕರಾವಳಿಯ ಎದುರಿಗೆ, ಕೆರಿಬಿಯನ್ ಕಡಲಿನಲ್ಲಿರುವ ದ್ವೀಪ ಇದು. ಉದ್ದ ಸುಮಾರು 48 ಕಿ.ಮೀ., ಅಗಲ ಸುಮಾರು 16. ಪ್ಲಾಯಾ ಡೆಲ್ ಕಾರ್ಮೆನ್‌ನಿಂದ ಫೆರ್ರಿ ಹತ್ತಿದರೆ ಮುಕ್ಕಾಲು ಗಂಟೆ. ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಅನುಕೂಲ: ಭಾರತದ ಪಾಸ್‌ಪೋರ್ಟಿನಲ್ಲಿ ಅವಧಿ ಮುಗಿಯದ ಅಮೆರಿಕದ ವೀಸಾ ಇದ್ದರೆ ಪ್ರವಾಸಕ್ಕೆ ಮೆಕ್ಸಿಕೊ ವೀಸಾ ಬೇರೆ ಬೇಕಿಲ್ಲ.

ಡೈವಿಂಗ್ ಹೆಚ್ಚುಕಡಿಮೆ ಎಲ್ಲವೂ ಪಶ್ಚಿಮ ಮಗ್ಗುಲಲ್ಲಿ. ಪೂರ್ವದ ಕಡೆ ಅಲೆ ಒರಟು. ಪಶ್ಚಿಮದಲ್ಲಿ, ದ್ವೀಪಕ್ಕೂ ಮುಖ್ಯಭೂಮಿಗೂ ನಡುವಿನ ಕಾಲುವೆಯಲ್ಲಿ, ನೀರು ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಹೊಳೆಯಂತೆ ಹರಿಯುತ್ತಿರುತ್ತದೆ. ಹಾಗಾಗಿ ಇಲ್ಲಿ ಯಾರೂ ಲಂಗರು ಹಾಕಿ ಕಾಯುವುದಿಲ್ಲ. ಒಂದು ಕಡೆ ಧುಮುಕುತ್ತೀರಿ, ನೀರು ಹೊತ್ತುಕೊಂಡು ಹೋಗುತ್ತದೆ, ಮೇಲೆ ಗುಳ್ಳೆಗಳನ್ನು ನೋಡಿಕೊಂಡು ದೋಣಿ ಹಿಂದೆ ಬರುತ್ತದೆ. ಹೊರಡುವ ಜಾಗಕ್ಕೆ ಮರಳಿ ಈಜಬೇಕಿಲ್ಲ. ಈಜು ಬಲ್ಲವರಿಗೇ ಇದು ಒಗ್ಗುವುದು ತಡ. ಕೈಕಾಲು ಸುಮ್ಮನಿರುವುದಿಲ್ಲ.

ದೋಣಿ ದಕ್ಷಿಣದ ಪಲಂಕಾರ್ ಎಂಬ ಹವಳದ ದಿಬ್ಬದ ಕಡೆ ಹೋಗುವಷ್ಟರಲ್ಲಿ ಸಲಕರಣೆ ಜೋಡಿಸಿಕೊಳ್ಳಬೇಕು. ಟ್ಯಾಂಕು ಹೊರುವ ಜಾಕೆಟ್ಟಿನ ಪಟ್ಟಿಯನ್ನು ಒದ್ದೆ ಮಾಡಿಯೇ ಟ್ಯಾಂಕಿಗೆ ಬಿಗಿಯಿರಿ. ಒಣ ಪಟ್ಟಿ ನೀರಿಗಿಳಿದ ಮೇಲೆ ಸಡಿಲವಾಗಿ, ಟ್ಯಾಂಕು ಬೆನ್ನಿನಿಂದ ಜಾರುವುದು ನಿತ್ಯ ಕಾಣುವ ಸಂಗತಿ. ವಾಲ್ವಿನ ಬಾಯಲ್ಲಿರುವ ರಬ್ಬರ್ ಬಳೆ, ಓ-ರಿಂಗ್, ಸೀಳಿಲ್ಲವೇ ನೋಡಿ. ಆಮೇಲೆ ಟ್ಯಾಂಕಿನ ಗಾಳಿಯನ್ನು ಉಸಿರಿಗೆ ಒದಗಿಸುವ ರೆಗ್ಯುಲೇಟರನ್ನು ಬಾಯಲ್ಲಿ ಇಟ್ಟು, ಕಣ್ಣು ಟ್ಯಾಂಕಿನ ಒತ್ತಡ ತೋರಿಸುವ ಗೇಜಿನ ಮೇಲಿಟ್ಟು ನಾಲ್ಕು ಸಲ ಉಸಿರೆಳೆಯಿರಿ. ಪ್ರತಿ ಉಸಿರಿಗೂ ಮುಳ್ಳು ಕುಣಿದರೆ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಮೇಲೆ ನಿಂತಾಗ ಸಾಕಾಗುವ ಗಾಳಿ ಇಪ್ಪತ್ತು ಮೀಟರ್ ಕೆಳಗೆ ಸಾಕಾಗುವುದಿಲ್ಲ. ದೋಣಿ ಹುಡುಗರು ಎಲ್ಲವನ್ನೂ ಜೋಡಿಸಿ ಕೊಡುತ್ತಾರೆ, ನಿಜ. ಉಸಿರಾಡುವವರು ಮಾತ್ರ ನೀವು.

ಮುಳುಗಲೆಂದು ಕಟ್ಟಿಕೊಳ್ಳುವ ಸೀಸದ ತೂಕದ ವಿಚಾರದಲ್ಲಿ ಹೆಚ್ಚಿನವರು ಎಡವುತ್ತಾರೆ. ಸಿಹಿನೀರಿನ ಕೆರೆಯಲ್ಲೋ ಕಲ್ಲುಕ್ವಾರಿಯಲ್ಲೋ ಕಲಿತವರಿಗೆ ಉಪ್ಪುನೀರಿನಲ್ಲಿ ಎರಡರಿಂದ ಮೂರು ಕೆ.ಜಿ. ಸೀಸ ಹೆಚ್ಚು ಬೇಕು. ಚಳಿನೀರಿನ ದಪ್ಪ ಸೂಟಿನಲ್ಲಿ ಕಲಿತವರು ಅದಕ್ಕಿಂತಲೂ ಹೆಚ್ಚು ಸೀಸ ಕಳೆಯಬೇಕಾದೀತು, ಏಕೆಂದರೆ ಇಲ್ಲಿ ನೀರು ಚಳಿಗಾಲದಲ್ಲಿ 26 ಡಿಗ್ರಿ, ಬೇಸಗೆಯಲ್ಲಿ 29ರ ಆಸುಪಾಸು. ಮೂರು ಮಿಲಿಮೀಟರ್ ಸೂಟು ಧಾರಾಳ. ಇನ್ನೊಂದು: ತುಂಬಿದ ಟ್ಯಾಂಕಿನ ಗಾಳಿಯೇ ಎರಡೂವರೆ ಕೆ.ಜಿ. ತೂಗುತ್ತದೆ. ಡೈವ್ ಮುಗಿಯುವ ಹೊತ್ತಿಗೆ ಅದರಲ್ಲಿ ಬಹುಪಾಲು ಖರ್ಚಾಗಿ ಅಲ್ಯೂಮಿನಿಯಂ ಟ್ಯಾಂಕು ಬೆಂಡಿನಂತೆ ಮೇಲಕ್ಕೆ ಎಳೆಯತೊಡಗುತ್ತದೆ. ಆದ್ದರಿಂದ ತೂಕ ಸರಿಯಿದೆಯೇ ಎಂದು ಪರೀಕ್ಷಿಸಬೇಕಾದದ್ದು ಡೈವಿನ ಕೊನೆಗೆ, ಟ್ಯಾಂಕಿನಲ್ಲಿ 50 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಉಳಿದಾಗ. ತುಂಬಿದ ಟ್ಯಾಂಕಿನಲ್ಲಿ ಪರೀಕ್ಷಿಸುವುದಾದರೆ ಎರಡು ಕೆ.ಜಿ. ಸೇರಿಸಿಕೊಳ್ಳಿ.

ದೋಣಿ ಅಂಚಿನ ಮೇಲೆ ಎಲ್ಲರೂ ಕೂರುತ್ತಾರೆ. ಮಾಸ್ಕಿನ ಮೇಲೊಂದು ಕೈ, ರೆಗ್ಯುಲೇಟರ್ ಮೇಲೊಂದು. ಮೂರು ಎಣಿಸಿದ ಕೂಡಲೇ ಹಿಂದಕ್ಕೆ ಉರುಳು. ಒಬ್ಬರು ಅರ್ಧ ನಿಮಿಷ ತಡಮಾಡಿದರೂ ಗುಂಪು ಮುಂದೆ ಹೋಗಿಬಿಟ್ಟಿರುತ್ತದೆ. ಮಾಸ್ಕ್ ಸರಿಪಡಿಸುವುದು, ಕ್ಯಾಮೆರಾ ಇಸಿದುಕೊಳ್ಳುವುದು ಎಲ್ಲ ಉರುಳುವ ಮುಂಚೆಯೇ ಮುಗಿದಿರಬೇಕು. ಕಿವಿಯ ಒತ್ತಡ ಬಿಡಿಸುವುದನ್ನು ಮೊದಲ ಮೀಟರಿನಿಂದಲೇ ಶುರುಮಾಡಿ, ನೋವು ಬರುವ ತನಕ ಕಾಯಬೇಡಿ. ಒತ್ತಡ ದುಪ್ಪಟ್ಟಾಗುವುದು ಮೊದಲ ಹತ್ತು ಮೀಟರಿನಲ್ಲೇ. ನೆಗಡಿಯಿದ್ದರೆ ಅವತ್ತು ಬೇಡ. ಮಾತ್ರೆ ನುಂಗಿ ಇಳಿದವರಿಗೆ ಅದರ ಪ್ರಭಾವ ಕೆಳಗೇ ಇಳಿದುಹೋದರೆ ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳುತ್ತದೆ.

ಪಲಂಕಾರ್‌ನಲ್ಲಿ ಹವಳ ಗೋಪುರಗಳಾಗಿ ಎದ್ದು ನಿಂತಿದೆ. ಗೋಪುರಗಳ ನಡುವೆ ಓಣಿ, ಕಮಾನು, ಸುರಂಗ. ಅದರಾಚೆ ನೆಲವೇ ಇಲ್ಲ, ಬರೀ ಕಡುನೀಲಿ. ಮೂವತ್ತು ಮೀಟರ್ ದೂರದ್ದೂ ಕಾಣುವಷ್ಟು ತಿಳಿ ನೀರು, ಮೋಸವೂ ಅದರಲ್ಲೇ. ಮೇಲೆ ದೋಣಿಯ ತಳ ಅಷ್ಟು ಸ್ಪಷ್ಟವಾಗಿ ಕಾಣುವಾಗ ಇನ್ನೂ ಹದಿನೈದು ಮೀಟರಿನಲ್ಲಿದ್ದೇವೆ ಅನ್ನಿಸುತ್ತದೆ. ಆಳ ತೋರಿಸುವ ಡೈವ್ ಕಂಪ್ಯೂಟರ್ ನೋಡಿದರೆ 28.

ಲೆಕ್ಕ ಹಾಕಿ ನೋಡಿ. ಹನ್ನೊಂದು ಲೀಟರಿನ ಟ್ಯಾಂಕು, 200 ಬಾರ್, ಅಂದರೆ ಇಲ್ಲಿನ ಗೇಜಿನಲ್ಲಿ 3000 ಪಿಎಸ್‌ಐ. ಐವತ್ತು ಬಾರ್ ಮೀಸಲು ತೆಗೆದರೆ ಉಳಿಯುವುದು 1650 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 25 ಮೀಟರಿನಲ್ಲಿ ಮೂರೂವರೆ ಪಟ್ಟು, 70 ಲೀಟರ್ ಬೇಕು. 23 ನಿಮಿಷಕ್ಕೆ ಖಾಲಿ. ಅದೇ ಮನುಷ್ಯ ಹನ್ನೆರಡು ಮೀಟರಿನಲ್ಲಿದ್ದರೆ 37 ನಿಮಿಷ. ಕೈ ಬೀಸದೆ, ಕಾಲಿಗೆ ತೊಟ್ಟ ಫಿನ್ ಬಡಿಯದೆ ಉಸಿರು ನಿಮಿಷಕ್ಕೆ 14 ಲೀಟರಿಗೆ ಇಳಿದರೆ 25 ಮೀಟರಿನಲ್ಲೂ 33 ನಿಮಿಷ ಸಿಗುತ್ತದೆ. ಹರಿವಿಗೆ ಎದುರಾಗಿ ಒಂದು ಫೋಟೊಕ್ಕಾಗಿ ಮೂರು ಮೀಟರ್ ಹಿಂದಕ್ಕೆ ಈಜುವವರು ಗೇಜಿನ ಮುಳ್ಳು ಇಳಿಯುವುದನ್ನು ಕಣ್ಣಾರೆ ನೋಡಬಹುದು. ತಪ್ಪಿಹೋದ ಆಮೆಯನ್ನು ಬಿಟ್ಟುಬಿಡಿ, ಮುಂದೆ ಇನ್ನೊಂದು ಸಿಗುತ್ತದೆ. ನಿಲ್ಲಲೇಬೇಕಾದರೆ ದಿಬ್ಬದ ಮರೆಗೆ ಸರಿದು, ಮರಳಿನ ಹತ್ತಿರಕ್ಕೆ ಇಳಿಯಿರಿ. ಅಲ್ಲಿ ಸೆಳೆತ ಕಡಿಮೆ.

ಸುರಂಗದೊಳಗೆ ಹೋಗುವ ಮುನ್ನ ಮುಂದಿನವರಿಗೆ ಒಂದು ಆಳು ದೂರ ಬಿಡಿ. ಮಂಡಿ ಮಡಚಿ, ಪಾದ ಮೇಲಕ್ಕಿಟ್ಟು ಕಪ್ಪೆಯ ಹಾಗೆ ಮೆಲ್ಲಗೆ ಒದೆಯಿರಿ. ಕಾಲು ಕೆಳಕ್ಕೆ ಬಡಿದರೆ ಮರಳೆದ್ದು ಹಿಂದಿನವರಿಗೆ ದಾರಿಯೇ ಕಾಣದು. ಇಲ್ಲಿನ ಹವಳಕ್ಕೆ ಈಗಾಗಲೇ ಬೇಕಾದಷ್ಟು ಪೆಟ್ಟು ಬಿದ್ದಿದೆ. 2005ರಲ್ಲಿ ವಿಲ್ಮಾ ಚಂಡಮಾರುತ. 2018ರಿಂದ ಮೆಕ್ಸಿಕೊದ ಈ ಕರಾವಳಿಗೆ ಹಬ್ಬಿದ, ಕಲ್ಲುಹವಳದ ಜೀವಂತ ಪದರವನ್ನೇ ಕಿತ್ತು ಬರೀ ಬಿಳಿ ಅಸ್ಥಿ ಉಳಿಸುವ ರೋಗ. 2019ರಲ್ಲಿ ಪಲಂಕಾರ್ ಮತ್ತು ಕೊಲಂಬಿಯಾ ದಿಬ್ಬಗಳನ್ನು ಕೆಲಕಾಲ ಮುಚ್ಚಿಯೇ ಇಟ್ಟಿದ್ದರು. 1996ರಿಂದ ಇದು ರಾಷ್ಟ್ರೀಯ ಉದ್ಯಾನ. ಕೈಗವಸು, ಚಾಕು ಒಯ್ಯುವಂತಿಲ್ಲ. ಕೈಗವಸು ಬೇಡವೆನ್ನುವುದು ಸರಿಯಾದ ನಿಯಮ. ಅದು ಕೈಯಲ್ಲಿದ್ದರೆ ಎಲ್ಲರಿಗೂ ಏನಾದರೂ ಹಿಡಿದುಕೊಳ್ಳುವ ಧೈರ್ಯ ಬರುತ್ತದೆ. ಸನ್‌ಸ್ಕ್ರೀನಿಗೂ ಆಕ್ಷೇಪವಿದೆ; ಅದರ ಬದಲು ಉದ್ದ ತೋಳಿನ ಅಂಗಿ ಹಾಕಿಕೊಂಡರೆ ತಕರಾರೇ ಇಲ್ಲ.

ಸಾವಿರ ಪಿಎಸ್‌ಐ ಆದಾಗ ಗೈಡಿಗೆ ಸನ್ನೆ ಮಾಡಿ, ನಾಚಿಕೆ ಬೇಡ. ಮೇಲೆ ಬರುವ ಮುನ್ನ ಸುರಕ್ಷತೆಗೆಂದು ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವಾಗ ಸುತ್ತ ಹಿಡಿಯಲು ಹಗ್ಗವೂ ಇಲ್ಲ, ನೋಡಲು ದಿಬ್ಬವೂ ಇಲ್ಲ. ಕಂಪ್ಯೂಟರಿನ ಅಂಕಿಯೇ ನೆಲ. ತೂಕ ಕಡಿಮೆ ಹಾಕಿಕೊಂಡವರು ಗೊತ್ತಿಲ್ಲದೆ ತೇಲಿಹೋಗುವುದು ಇಲ್ಲೇ. ಗುಂಪು ತಪ್ಪಿದರೆ ಒಂದು ನಿಮಿಷ ಹುಡುಕಿ, ನಿಧಾನ ಮೇಲೆ ಬನ್ನಿ, ಬಣ್ಣದ ತೇಲುಕೊಳವೆ ಊದಿ ನಿಲ್ಲಿಸಿ. ಅದು ನಿಮ್ಮದೇ ಜೇಬಿನಲ್ಲಿರಲಿ. ಅಲೆಗಳ ನಡುವೆ ಒಂದು ತಲೆ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ. ಏಣಿ ಹತ್ತುವವರ ಕೆಳಗೆ ಮಾತ್ರ ನಿಲ್ಲಬೇಡಿ. ಕೈ ಜಾರಿದರೆ ಟ್ಯಾಂಕು ಸಮೇತ ನಿಮ್ಮ ತಲೆಯ ಮೇಲೆ.

ಬಿಡುವಿನಲ್ಲಿ ಕಲ್ಲಂಗಡಿ, ನೀರು. ದಡದ ಹೋಟೆಲುಗಳಲ್ಲಿ ಸಸ್ಯಾಹಾರಿಗಳು ರುಬ್ಬಿದ ಹುರುಳಿಕಾಯಿ ಬೀಜದ ಪಲ್ಯ ಎಂದು ನಂಬಿ ತಿನ್ನುವ ಮುನ್ನ ‘ಮಂತೇಕಾ’ ಹಾಕಿದ್ದಾರೆಯೇ ಕೇಳಿ. ಅದು ಸಾಮಾನ್ಯವಾಗಿ ಹಂದಿಕೊಬ್ಬು. ಹಬನೆರೋ ಮೆಣಸಿನ ಚಟ್ನಿಗೆ ಬ್ಯಾಡಗಿಯ ಅಳತೆ ನಡೆಯುವುದಿಲ್ಲ.

ಎರಡನೆಯ ಡೈವಿಗೆ ಪ್ಯಾರಡೈಸ್ ದಿಬ್ಬ ಸಾಕು. ದ್ವೀಪದ ದಕ್ಷಿಣ ತುದಿಯ ಪೂಂಟಾ ಸುರ್‌ನಲ್ಲಿ ‘ದೆವ್ವದ ಗಂಟಲು’ ಎಂಬ ಸುರಂಗವಿದೆ, ಸುಮಾರು ನಲವತ್ತು ಮೀಟರಿನಲ್ಲಿ ಹೊರಬೀಳುತ್ತದೆ. ಹೊಸಬರು ಬಡಾಯಿಗಾಗಿ ಕೇಳುತ್ತಾರೆ. ಅದಕ್ಕಿಂತ ಈ ಹನ್ನೆರಡು ಮೀಟರಿನ ದಿಬ್ಬ ಮೇಲು. ಹವಳದ ಚಾಚಿನ ಕೆಳಗೆ ಮರಳು ತೋಡಿದ ಸಣ್ಣ ಗುಳಿ ಕಂಡರೆ ಟಾರ್ಚ್ ಹಿಡಿದು ಬಗ್ಗಿ ನೋಡಿ. ಚಪ್ಪಟೆ ತಲೆ, ಅದರ ತುಂಬ ಬಿಳಿ ಗೀರು, ಗಲ್ಲದಲ್ಲಿ ಮೀಸೆಯಂಥ ಎಳೆಗಳು, ರೆಕ್ಕೆಗಳಿಗೆ ಅರಿಸಿನ ಬಳಿದಂಥ ಅಂಚು. ಇದು ಸ್ಪ್ಲೆಂಡಿಡ್ ಟೋಡ್‌ಫಿಶ್ ಎಂಬ ಮೀನು. ಈ ದ್ವೀಪದ ಸುತ್ತಲ ನೀರು ಬಿಟ್ಟರೆ ಬೇರೆಡೆ ಇದನ್ನು ಕಾಣುವುದು ತೀರ ಅಪರೂಪ. ಕಾಣುವ ಮೊದಲು ಎಷ್ಟೋ ಸಲ ಕೇಳಿಸುತ್ತದೆ: ಗಾಳಿಚೀಲದ ಸ್ನಾಯು ಅದುರಿಸಿ ಗೊರ್‌ರ್ ಎನ್ನುತ್ತದೆ. ಆ ಸದ್ದು ಕೇಳಬೇಕಾದರೆ ಒಂದೆರಡು ಕ್ಷಣ ನಿಮ್ಮ ಗುಳ್ಳೆಗಳ ಗದ್ದಲ ತಗ್ಗಬೇಕು. ಉಸಿರು ಕಟ್ಟಬೇಡಿ, ನಿಧಾನ ಎಳೆಯಿರಿ. ಎಳೆಯುವಾಗ ಗುಳ್ಳೆ ಇರುವುದಿಲ್ಲ.

ಅದರ ಪಕ್ಕದಲ್ಲೇ ಕೆಂಪು ಪಟ್ಟೆಯ ಲಯನ್‌ಫಿಶ್ ಗರಿ ಬಿಚ್ಚಿ ನಿಂತಿರಬಹುದು. ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಅದನ್ನು ಕಂಡು ಹಿಗ್ಗುತ್ತೇವೆ, ಅದು ಅಲ್ಲಿನದೇ ಮೀನು. ಕೆರಿಬಿಯನ್‌ನಲ್ಲಿ ಹೊರಗಿನಿಂದ ಬಂದು ಮರಿಮೀನುಗಳನ್ನು ನುಂಗಿ ಹಾಕುವ ದಾಳಿಕೋರ. ಇಲ್ಲಿ ಅದನ್ನು ಈಟಿಯಿಂದ ಹಿಡಿದು, ಮುಳ್ಳು ಕತ್ತರಿಸಿ ತಿನ್ನುತ್ತಾರೆ.

ಚಳಿಗಾಲದಲ್ಲಿ ಬಂದವರು ಒಂದೆರಡು ದಿನ ಹೆಚ್ಚು ಇಟ್ಟುಕೊಳ್ಳಿ. ‘ನೋರ್ತೆ’ ಎಂಬ ಉತ್ತರದ ಗಾಳಿ ಎದ್ದರೆ ಬಂದರು ಮುಚ್ಚಿಸುತ್ತಾರೆ, ಸಣ್ಣ ದೋಣಿಗಳು ಹೊರಡುವುದಿಲ್ಲ. ಆರೋಗ್ಯದ ಫಾರ್ಮಿನಲ್ಲಿ ಆಸ್ತಮಾ, ಹೃದಯದ ತೊಂದರೆ ಇತ್ಯಾದಿಗೆ ‘ಹೌದು’ ಬರೆಯಬೇಕಾದವರು ವೈದ್ಯರ ಸಹಿಯನ್ನು ಊರಿನಿಂದಲೇ ತರಬೇಕು. ಕೌಂಟರಿನಲ್ಲಿ ನಿಂತು ಹುಡುಕಿದರೆ ದಿನ ಹೋದಂತೆ.

ಕೊನೆಯ ಡೈವಿಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಬೇಕು. ಫೆರ್ರಿಗೆ ಈ ಅಡ್ಡಿಯಿಲ್ಲ, ಅದು ಸಮುದ್ರಮಟ್ಟದಲ್ಲೇ ಸಾಗುತ್ತದೆ. ರೆಗ್ಯುಲೇಟರನ್ನು ಸಿಹಿನೀರಿಗೆ ಅದ್ದುವಾಗ ಅದರ ಬಾಯಿ ಮುಚ್ಚುವ ಡಸ್ಟ್ ಕ್ಯಾಪ್ ಒಣಗಿಸಿ, ಬಿಗಿದು, ಆಮೇಲೆ ಅದ್ದಿ. ಗಾಳಿ ಚಿಮ್ಮಿಸುವ ಪರ್ಜ್ ಗುಂಡಿಯನ್ನು ನೀರೊಳಗೆ ಒತ್ತಬೇಡಿ. ರೆಗ್ಯುಲೇಟರ್ ನೆರಳಲ್ಲಿ ಆರುತ್ತಿರುವ ಹೊತ್ತಿಗೆ ಸ್ಯಾನ್ ಹೆರ್ವಾಸಿಯೊಗೆ ಹೋಗಿಬರಬಹುದು. ಇಶ್‌ಚೆಲ್ ದೇವಿಗೆ ಹರಕೆ ಹೊತ್ತ, ಹಿಂದಿನ ಕಾಲದ ಮಾಯಾ ಜನಾಂಗದ ಹೆಂಗಸರು ಕಡಲು ದಾಟಿ ಬರುತ್ತಿದ್ದ ಜಾಗ. ಅವರು ದಾಟುತ್ತಿದ್ದದ್ದು ಇದೇ ಕಾಲುವೆಯನ್ನು, ಇದೇ ಸೆಳೆತವನ್ನು, ಹುಟ್ಟು ಹಾಕುವ ದೋಣಿಯಲ್ಲಿ.