ದುರ್ಗದ ಬಂಡೆಯಡಿ ‘ಟೈಮ್ ಮಷಿನ್’

ಎಚ್. ಜಿ. ವೆಲ್ಸ್‌ನ ‘ದಿ ಟೈಮ್ ಮಷಿನ್’ ಕಾದಂಬರಿಯನ್ನು ಕನ್ನಡದಲ್ಲಿ, ಚಿತ್ರದುರ್ಗದಲ್ಲೇ, ಒಂದು ಗಂಟೆಯ ಚಿತ್ರವಾಗಿ ಮಾಡಬೇಕು ಅಂತ ನಾವು ಕೆಲವು ಗೆಳೆಯರು ಹೊರಟಿದ್ದೇವೆ. ನಾನು ದಾವಣಗೆರೆಯಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೊ ಮಾಡುವವನು. ಕ್ಯಾಮೆರಾ, ಲೈಟು ಸ್ವಂತದ್ದು. ಹಕ್ಕಿನ ತೊಡಕೂ ಇಲ್ಲ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ. ನಮ್ಮ ದೇಶದ ಕಾನೂನಿನಂತೆ ಲೇಖಕ ಸತ್ತ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ 2007ರಿಂದ ಇಲ್ಲಿ ಈ ಕಾದಂಬರಿ ಎಲ್ಲರದು. ಹಳೆ ಸಿನಿಮಾಗಳು ತಾವಾಗಿ ಸೇರಿಸಿದ್ದನ್ನು ಮಾತ್ರ ಮುಟ್ಟುವಂತಿಲ್ಲ. ಮುಟ್ಟುವ ಮನಸ್ಸೂ ನನಗಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಥೆ ಬಹಳ ಜನಕ್ಕೆ ಗೊತ್ತು. 1895ರ ಪುಸ್ತಕ. ಹೆಸರಿಲ್ಲದ ಒಬ್ಬ ವಿಜ್ಞಾನಿ ಕ್ರಿ.ಶ. 802701ಕ್ಕೆ ಹೋಗುತ್ತಾನೆ. ನೆಲದ ಮೇಲೆ ಎಲಾಯ್ ಎಂಬ ಸಣ್ಣ ದೇಹದ, ಮಕ್ಕಳಂಥ ಜನ. ಹಣ್ಣು ತಿನ್ನುತ್ತಾರೆ, ಹೂ ಮುಡಿಯುತ್ತಾರೆ, ಕೆಲಸ ಅನ್ನುವುದೇ ಇಲ್ಲ. ನೆಲದ ಕೆಳಗೆ ಮೊರ್‌ಲಾಕ್‌ಗಳು. ಕತ್ತಲಲ್ಲಿ ಯಂತ್ರ ನಡೆಸುತ್ತಾರೆ, ರಾತ್ರಿ ಬಾವಿ ಹತ್ತಿ ಬಂದು ಎಲಾಯ್‌ಗಳನ್ನು ಹಿಡಿದು ತಿನ್ನುತ್ತಾರೆ.

ಮನುಷ್ಯಕುಲ ಹೀಗೆ ಎರಡಾಗಿ ಒಡೆದದ್ದು ಯಾಕೆ ಅನ್ನುವುದಕ್ಕೆ ವೆಲ್ಸ್ ಕೊಡುವ ಕಾರಣ ನೇರವಾಗಿದೆ. ಮಾಲೀಕರು ಮೇಲೆ ಉಳಿದರು, ಕೂಲಿಗಳು ಕಾರ್ಖಾನೆಯ ಜೊತೆಗೇ ನೆಲದಡಿ ಇಳಿಯುತ್ತಾ ಹೋದರು. ಸಾವಿರಾರು ತಲೆಮಾರು ಕಳೆದ ಮೇಲೆ ಎರಡು ಬೇರೆ ಜೀವಿಗಳೇ ಆದರು. ವೆಲ್ಸ್‌ನ ತಾಯಿ ಅಪ್‌ಪಾರ್ಕ್ ಎಂಬ ದೊಡ್ಡ ಬಂಗಲೆಯಲ್ಲಿ ಆಳುಕಾಳುಗಳ ಮೇಲ್ವಿಚಾರಕಿಯಾಗಿದ್ದರು. ಆ ಮನೆಯಲ್ಲಿ ಕೆಲಸದವರ ಓಡಾಟಕ್ಕೆ ನೆಲದಡಿ ಸುರಂಗದ ದಾರಿಗಳಿದ್ದವು. ಮುಂದೆ ಲಂಡನ್ನಿನಲ್ಲಿ ಆತ ಜೀವಶಾಸ್ತ್ರ ಕಲಿತದ್ದು ಡಾರ್ವಿನ್‌ನ ಪರ ವಾದಿಸಿದ ಹಕ್ಸ್ಲಿಯ ಬಳಿ. ಇವೆರಡೂ ಸೇರಿಯೇ ಈ ಕಾದಂಬರಿ ಹುಟ್ಟಿತು ಅಂತ ನನ್ನ ನಂಬಿಕೆ.

ನಮ್ಮಪ್ಪ ಇಲ್ಲಿಯ ಕಾಟನ್ ಮಿಲ್ಲಿನಲ್ಲಿ, ಸ್ಪಿನ್ನಿಂಗ್‌ನಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಕಥೆ ಹೇಳಿದೆ. ಮಷಿನ್ ಹೇಗೆ ಓಡುತ್ತದೆ ಅಂತ ಅವರು ಕೇಳಲಿಲ್ಲ. “ಅಲ್ಲಪ್ಪಾ, ಅವರನ್ನ ಕೆಳಗೆ ಇಳಿಸಿದೋರು ಯಾರು? ಅದು ನಿನ್ನ ಸಿನಿಮಾದಾಗೆ ಬರ್ತೈತೋ ಇಲ್ಲೋ?” ಅಂದರು.

ದೊಡ್ಡ ಸಿನಿಮಾಗಳೆರಡರಲ್ಲೂ ಅದು ಬಂದಿಲ್ಲ.

1960ರಲ್ಲಿ ಜಾರ್ಜ್ ಪಾಲ್ ಮಾಡಿದ ಚಿತ್ರ ನನಗೆ ಬಹಳ ಇಷ್ಟ. ಸ್ಪೆಷಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂದ ಚಿತ್ರ ಅದು. ಮೇಣದಬತ್ತಿ ಕಣ್ಣೆದುರೇ ಕರಗುತ್ತದೆ, ಎದುರಿನ ಅಂಗಡಿಯ ಗಾಜಿನೊಳಗಿನ ಗೊಂಬೆಯ ಬಟ್ಟೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕಾಲ ಓಡುವುದನ್ನು ತೋರಿಸಲು ಇದಕ್ಕಿಂತ ಸರಳವಾದ, ಚೆಂದದ ಉಪಾಯ ನಾನು ಕಂಡಿಲ್ಲ. ಆದರೆ ಮನುಷ್ಯರು ಎರಡಾದದ್ದಕ್ಕೆ ಕಾರಣ ಮಾತ್ರ ಯುದ್ಧವಾಗಿದೆ: ಕೆಲವರು ನೆಲಮಾಳಿಗೆಯಲ್ಲೇ ಉಳಿದರು, ಕೆಲವರು ಮೇಲೆ ಬಂದರು, ಅಷ್ಟೇ. 2002ರ ಚಿತ್ರದ ನಿರ್ದೇಶಕ ಸೈಮನ್ ವೆಲ್ಸ್, ಕಾದಂಬರಿಕಾರನ ಮರಿಮಗ. ಅದರಲ್ಲಿ ಚಂದ್ರನೇ ಒಡೆದುಹೋಗುತ್ತಾನೆ. ಯುದ್ಧ ಆದರೇನು, ಚಂದ್ರ ಒಡೆದರೇನು, ಎರಡೂ ಕಡೆ ಅದು ಎಲ್ಲರ ಮೇಲೂ ಬಂದೆರಗಿದ ಆಪತ್ತು. ಯಾರೂ ಯಾರನ್ನೂ ಕೆಳಗಿಳಿಸಲಿಲ್ಲ. ಕಾದಂಬರಿಯ ಬೆನ್ನುಮೂಳೆಯನ್ನೇ ತೆಗೆದಿಟ್ಟ ಹಾಗಾಯಿತು.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಆ ಚಿತ್ರಗಳಲ್ಲಿ ಯಾರಾದರೊಬ್ಬರು ನಾಯಕನಿಗೆ ಎಲ್ಲವನ್ನೂ ವಿವರಿಸಿಬಿಡುತ್ತಾರೆ. 1960ರದರಲ್ಲಿ ತಿರುಗಿಸಿದರೆ ಮಾತಾಡುವ ಉಂಗುರಗಳು; 2002ರದರಲ್ಲಿ ಇಂಗ್ಲಿಷ್ ಬಲ್ಲ ಮೊರ್‌ಲಾಕ್ ನಾಯಕ. ಪುಸ್ತಕದಲ್ಲಿ ಹಾಗೆ ವಿವರಿಸುವವರೇ ಇಲ್ಲ. ಆ ಪ್ರಯಾಣಿಕ ಊಹೆ ಮಾಡುತ್ತಾನೆ. ಮೊದಲು, ಇದು ದುಃಖವೇ ಇಲ್ಲದ ಸಮಾನತೆಯ ಲೋಕ, ಸುಖ ಹೆಚ್ಚಾಗಿ ಜನ ಮೆತ್ತಗಾಗಿದ್ದಾರೆ ಅಂದುಕೊಳ್ಳುತ್ತಾನೆ. ಬಾವಿಗಳು ಕಂಡಾಗ ಅದು ಬಿದ್ದುಹೋಗುತ್ತದೆ. ಮೇಲಿನವರು ಒಡೆಯರು, ಕೆಳಗಿನವರು ಆಳುಗಳು ಅನ್ನುತ್ತಾನೆ. ಬಾವಿಯೊಳಗೆ ಇಳಿದು ಅಲ್ಲಿನ ಮಾಂಸ ಕಂಡ ಮೇಲೆ ಒಡೆತನ ಯಾವತ್ತೋ ತಿರುಗುಮುರುಗಾಗಿದೆ ಅಂತ ತಿಳಿಯುತ್ತದೆ. ಒಂದೊಂದು ಊಹೆ ಕುಸಿದಾಗಲೂ ಓದುವವರ ಎದೆ ಝಲ್ಲೆನ್ನುತ್ತದೆ. ಕಾದಂಬರಿಯ ನಿಜವಾದ ಸಾಹಸ ಇರುವುದು ಅಲ್ಲಿ, ಹೊಡೆದಾಟದಲ್ಲಿ ಅಲ್ಲ.

ಯೋಚನೆಯನ್ನು ಪರದೆ ಮೇಲೆ ತರುವುದು ಹೇಗೆ? ಉಪಾಯ ಪುಸ್ತಕದಲ್ಲೇ ಇದೆ. ಪ್ರಯಾಣಿಕ ಹಿಂದಿರುಗಿ, ಊಟ ಮಾಡಿ, ಅತಿಥಿಗಳೆದುರು ಕಥೆ ಹೇಳುತ್ತಾನೆ. ಡಾಕ್ಟರು, ಪತ್ರಿಕೆಯ ಸಂಪಾದಕರು, ಹೀಗೆ ಬಹುತೇಕರಿಗೆ ಹೆಸರಿನ ಬದಲು ಕಸುಬು. ನಾವು ಆ ಜಗಲಿಯ ಹರಟೆಯನ್ನು ಹಾಗೇ ಉಳಿಸಿಕೊಂಡಿದ್ದೇವೆ. ನಮ್ಮ ಪ್ರಯಾಣಿಕ 1970ರ ದಶಕದ ದುರ್ಗದವನು, ದಾವಣಗೆರೆಯ ಮಿಲ್ಲೊಂದರಲ್ಲಿ ಪಾಲು ಇರುವ ಮನೆತನ. ಅವನು ಹೇಳಿದ ಒಂದೊಂದು ಊಹೆಯನ್ನೂ ಅತಿಥಿಗಳು ತಮ್ಮ ತಮ್ಮ ಅನುಕೂಲಕ್ಕೆ ತಕ್ಕಂತೆ ಒಪ್ಪುತ್ತಾರೆ, ಜಗಳವಾಡುತ್ತಾರೆ.

ಕಾಫಿ ತಂದಿಡುವ ಗಂಗಮ್ಮ ಮಾತ್ರ ಬಾಗಿಲ ಬಳಿ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಅವಳ ಗಂಡನಿಗೆ ಅದೇ ಮಿಲ್ಲಿನಲ್ಲಿ ರಾತ್ರಿ ಪಾಳಿ.

ಗಂಗಮ್ಮನ ಬೀಜವೂ ವೆಲ್ಸ್‌ನದೇ. ಮನೆಗೆಲಸದ ಮಿಸೆಸ್ ವಾಚೆಟ್ ಪ್ರಯೋಗಾಲಯದಲ್ಲಿ ಹಾದುಹೋಗುವುದು ಯಂತ್ರ ಹೊರಡುವಾಗ ರಾಕೆಟ್ಟಿನಂತೆ ಕಾಣುತ್ತದೆ. ಯಂತ್ರ ವಾಪಸು ಬರುವಾಗ ಅದೇ ಹೆಂಗಸು ಬೆನ್ನು ಮುಂದಾಗಿ ಹಿಂದಕ್ಕೆ ನಡೆಯುತ್ತಾಳೆ. ಸಿನಿಮಾ ಹುಟ್ಟಿಸಿದವರಲ್ಲಿ ಸೇರಿದ ಲೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಮೊದಲ ಸಿನಿಮಾ ಪ್ರದರ್ಶನ ನಡೆಸಿದ್ದು 1895ರ ಡಿಸೆಂಬರ್ 28ಕ್ಕೆ. ಫಿಲ್ಮ್ ಹಿಂದಕ್ಕೆ ಓಡಿಸುವುದನ್ನು ಜನ ನೋಡುವ ಮೊದಲೇ ವೆಲ್ಸ್ ಅದನ್ನು ಬರೆದುಬಿಟ್ಟಿದ್ದ! ಅದೇ ವರ್ಷ ಅಕ್ಟೋಬರಿನಲ್ಲಿ ಲಂಡನ್ನಿನ ರಾಬರ್ಟ್ ಪಾಲ್, ಅಲುಗಾಡುವ ವೇದಿಕೆಯ ಮೇಲೆ ಪ್ರೇಕ್ಷಕರನ್ನು ಕೂರಿಸಿ, ಸ್ಲೈಡು ಮತ್ತು ಚಲಿಸುವ ಚಿತ್ರಗಳಿಂದ ಕಾಲಪ್ರಯಾಣದ ಅನುಭವ ಕೊಡುವ ಯೋಜನೆಗೆ ಪೇಟೆಂಟ್ ಅರ್ಜಿ ಹಾಕಿದ್ದ. ಅದು ಕಟ್ಟಲಾಗದೆ ಉಳಿಯಿತು. ಪುಸ್ತಕ ಬಂದ ವರ್ಷವೇ ಇದನ್ನು ತೆರೆಗೆ ತರುವ ಆಸೆ ಹುಟ್ಟಿತ್ತು ಅನ್ನುವುದು ನನಗೆ ದೊಡ್ಡ ಧೈರ್ಯ.

ಜಾಗದ ವಿಚಾರದಲ್ಲಿ ಒಂದು ಬಿಗಿ ನಿಯಮವಿದೆ. ಯಂತ್ರ ಕಾಲದಲ್ಲಿ ಚಲಿಸುತ್ತದೆಯೇ ಹೊರತು ಊರಿಂದೂರಿಗೆ ಹೋಗುವುದಿಲ್ಲ. ದಾವಣಗೆರೆಯಲ್ಲಿ ಹತ್ತಿದವನು ದಾವಣಗೆರೆಯಲ್ಲೇ ಇಳಿಯಬೇಕು. ನನಗೆ ಬಂಡೆಗಳು ಬೇಕಿದ್ದವು, ಅದಕ್ಕೇ ಮನೆಯನ್ನು ಕೋಟೆಯ ಬುಡಕ್ಕೆ ಸಾಗಿಸಿದೆ. ದುರ್ಗದ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ. ಅದರ ಮುಂದೆ ಎಂಟು ಲಕ್ಷ ಯಾವ ಲೆಕ್ಕ! ಮನೆ, ರಸ್ತೆ, ಗುಡ್ಡದ ಗಾಳಿಯಂತ್ರ ಎಲ್ಲವೂ ಅಳಿಸಿಹೋಗುತ್ತವೆ. ಗುಂಡುಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ನೋಡಿಯೇ ಪ್ರಯಾಣಿಕನಿಗೆ ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ಮೊರ್‌ಲಾಕ್‌ಗಳ ಲೋಕಕ್ಕೆ ಚಂದ್ರವಳ್ಳಿಯ ಅಂಕಲಿಮಠದ ನೆಲದಡಿ ಕೋಣೆಗಳು ನನ್ನ ಕಣ್ಣಲ್ಲಿವೆ. ಇಕ್ಕಟ್ಟು ಮೆಟ್ಟಿಲು, ಹಗಲಲ್ಲೂ ಟಾರ್ಚ್ ಬೇಕಾಗುವ ಕತ್ತಲು. ಪುಸ್ತಕದಲ್ಲಿ ಅವನ ಕೈಲಿರುವುದು ಬೆಂಕಿಕಡ್ಡಿ. ಅಲ್ಲಿ ಬೆಂಕಿ ಹಚ್ಚುವ ಮಾತೇ ಇಲ್ಲವಾದ್ದರಿಂದ ಅಂಗೈಯಲ್ಲಿ ಅಡಗುವ ಸಣ್ಣ ಎಲ್‌ಇಡಿ. ಅನುಮತಿಯ ಅರ್ಜಿ ಸಿದ್ಧವಾಗುತ್ತಿದೆ. ಅದು ಸಿಗದಿದ್ದರೆ ಒಳಗಿನ ದೃಶ್ಯಕ್ಕೆ ಸೆಟ್ ಹಾಕುತ್ತೇವೆ.

ದುರ್ಗದಲ್ಲಿ ಕಾದಂಬರಿಯನ್ನು ಸಿನಿಮಾ ಮಾಡುತ್ತೇನೆ ಅಂದರೆ ಜನ ಮೊದಲು ಎತ್ತುವ ಮಾತು ‘ನಾಗರಹಾವು’. ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ 1972ರಲ್ಲಿ ಮಾಡಿದ ಚಿತ್ರ. ಜನ ತಲೆ ಮೇಲೆ ಹೊತ್ತರು, ಕಾದಂಬರಿಕಾರರಿಗೆ ಮಾತ್ರ ಸಮಾಧಾನ ಆಗಲಿಲ್ಲ. ಪುಟ್ಟಣ್ಣನವರ ಚಿತ್ರ ನನಗೆ ಪ್ರಾಣ. ಆದರೂ ತರಾಸು ಅವರ ನೋವು ಅರ್ಥವಾಗುತ್ತದೆ. ಘಟನೆ ಬದಲಾಯಿಸಬಹುದು, ಊರು ಬದಲಾಯಿಸಬಹುದು. ಯಾವ ಸಂಕಟದಿಂದ ಬರೆದರೋ ಅದನ್ನು ಬದಲಾಯಿಸಿದರೆ ಬರೆದವರಿಗೆ ಉರಿಯದೆ ಇರುತ್ತದೆಯೇ?

ಆದ್ದರಿಂದ ಪ್ರಯಾಣಿಕನಿಗೆ ಗೆಳತಿಯಾಗುವ ಎಲಾಯ್ ಹುಡುಗಿ ವೀನಾ ನಮ್ಮ ಚಿತ್ರದಲ್ಲೂ ಬದುಕಿ ಉಳಿಯುವುದಿಲ್ಲ. 1960ರ ಚಿತ್ರ ಅವಳನ್ನು ಉಳಿಸಿ, ನಾಯಕನನ್ನು ಅವಳ ಬಳಿಗೇ ಕಳಿಸುತ್ತದೆ. ಪುಸ್ತಕದಲ್ಲಿ ಅವಳು ಕಾಡಿನ ಬೆಂಕಿಯ ರಾತ್ರಿ ಕಳೆದುಹೋಗುತ್ತಾಳೆ. ಅವನ ಜೇಬಲ್ಲಿ ಅವಳಿಟ್ಟ ಎರಡು ಬಿಳಿ ಹೂ ಉಳಿಯುತ್ತವೆ. ಎಲಾಯ್ ಭಾಷೆಗೆ ಸಬ್‌ಟೈಟಲ್ ಕೂಡ ಹಾಕುವುದಿಲ್ಲ. ಅವನಿಗೆ ಅರ್ಥವಾದಷ್ಟೇ ನೋಡುವವರಿಗೂ ಅರ್ಥವಾಗಲಿ.

ಈಗ ದೊಡ್ಡ ಕೊರತೆ ಸದ್ದಿನದು. ಬಾವಿಗೆ ಕಿವಿ ಕೊಟ್ಟಾಗ ಆಳದಿಂದ ಯಂತ್ರದ ಬಡಿತ ಕೇಳಿಸುತ್ತದೆ ಅಂತ ವೆಲ್ಸ್ ಬರೆಯುತ್ತಾನೆ. ಮಂಡಕ್ಕಿ ಭಟ್ಟಿಯಲ್ಲಿ ನಸುಕಿನಲ್ಲಿ ಒಂದಷ್ಟು ರೆಕಾರ್ಡ್ ಮಾಡಿ ತಂದೆ. ಹೊಗೆ, ಕಾದ ಮರಳು, ಮೈಗೆಲ್ಲ ಮಸಿ ಹತ್ತಿದ ಜನ. ಸಂಜೆ ಮಿರ್ಚಿ ಜೊತೆ ಮಂಡಕ್ಕಿ ತಿನ್ನುವ ನಾವು ಅತ್ತ ಹೋಗುವುದೇ ಇಲ್ಲ. ಆ ಸದ್ದು ಚಿತ್ರದಲ್ಲಿ ಇರುತ್ತದೆ. ಆದರೆ ಅಪ್ಪನಿಗೆ ಕೇಳಿಸಿದಾಗ ತಲೆಯಾಡಿಸಿದರು: “ಇದಲ್ಲ. ನೂಲು ತೆಗೆಯೋ ರಿಂಗ್ ಫ್ರೇಮಿನ ಸದ್ದು ಕಿವ್ಯಾಗೆ ಅಲ್ಲ, ಎದಿಯಾಗೆ ಕುಂದರ್ತೈತಿ.” ದಾವಣಗೆರೆಯ ಹಳೆ ಮಿಲ್ಲುಗಳು ಓಡುತ್ತಿದ್ದಾಗಿನ ಕ್ಯಾಸೆಟ್ಟೋ, ವಿಡಿಯೊ ಟೇಪೋ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಬಂದು ಕಾಪಿ ಮಾಡಿಕೊಂಡು ಟೇಪು ಅಲ್ಲೇ ವಾಪಸು ಕೊಡುತ್ತೇನೆ.